ತಂಗಿಯ ತೊಟ್ಟಿಯ ಪಾಚಿ

ಅಕ್ಕತಂಗಿಯರಿಬ್ಬರೂ ಒಂದೇ ಅಂಗಡಿಯಿಂದ ಅಲಂಕಾರದ ಪಾಚಿ ತಂದು, ಮರದ ತುಂಡಿಗೆ ದಾರದಿಂದ ಕಟ್ಟಿ, ತಮ್ಮ ತಮ್ಮ ಮೀನಿನ ತೊಟ್ಟಿಗೆ ಇಳಿಸಿದ್ದರು. ಅಕ್ಕನದು ಕಂದಿ ಉದುರಿತು. ತಂಗಿಯದು ಮಖಮಲ್ಲಿನಂತೆ ಹಬ್ಬಿತು. ಬಂದವರೆಲ್ಲ ಅದನ್ನು ಹೊಗಳುವಾಗ ಅಕ್ಕನ ಹೊಟ್ಟೆ ಧಗಧಗ ಉರಿಯುತ್ತಿತ್ತು.

ತಂಗಿ ಪ್ರವಾಸಕ್ಕೆ ಹೊರಟಾಗ, ಮೀನಿಗೆ ಆಹಾರ ಹಾಕಲೆಂದು ಮನೆಯ ಬೀಗದ ಕೈಯನ್ನು ಅಕ್ಕನಿಗೇ ಕೊಟ್ಟಳು. ತೊಟ್ಟಿಯ ಮುಂದೆ ಒಬ್ಬಳೇ ನಿಂತ ಅಕ್ಕನಿಗೆ ತಡೆಯಲಾಗಲಿಲ್ಲ. ಕತ್ತರಿ ತಂದು ಪಾಚಿಯನ್ನೆಲ್ಲ ಬೋಳಿಸಿಬಿಟ್ಟಳು.

ಮರಳಿದ ತಂಗಿ ಅಕ್ಕನ ಕೈ ಹಿಡಿದುಕೊಂಡಳು. "ನೀನೇ ಕತ್ತರಿಸಿದ್ಯಾ ಅಕ್ಕಾ? ನಂಗೆ ಧೈರ್ಯಾನೇ ಬಂದಿರ್ಲಿಲ್ಲ. ಕತ್ತರಿಸಿದಷ್ಟೂ ದಟ್ಟವಾಗಿ ಬರುತ್ತಂತೆ!"

"ಅದಕ್ಕೇ ಕಣೇ," ಎಂದು ಅಕ್ಕ ಹಲ್ಲು ಕಚ್ಚಿಕೊಂಡೇ ನಕ್ಕಳು.

ಪಾಚಿ ಮೊದಲಿಗಿಂತ ಸೊಂಪಾಗಿ ಬೆಳೆಯಿತು. "ನಮ್ಮಕ್ಕನ ಕೈಗುಣ," ಎಂದು ತಂಗಿ ಎಲ್ಲರಿಗೂ ಹೇಳತೊಡಗಿದಳು. ಅದನ್ನು ಕೇಳಲಾರದೆ ಅಕ್ಕ ಆ ಮನೆಗೆ ಹೋಗುವುದನ್ನೇ ಬಿಟ್ಟಳು.