ಗಾಲಿಗೆ ಬಿಟ್ಟ ಎಣ್ಣೆ

ಮೆಕ್ಯಾನಿಕ್ ಸಿದ್ದಬಸಪ್ಪ ಕಾರಿನ ಗಾಲಿ ಬಿಚ್ಚಿ, ಬ್ರೇಕಿನ ಡ್ರಮ್ಮು ಕಳಚಿ, ಒಳಗೆ ಬೆರಳಾಡಿಸಿ ಮೂಗಿಗೆ ಹಿಡಿದ.

"ಗೌಡ್ರೆ, ಇದು ಹರಳೆಣ್ಣೆ ಅಲ್ವಾ?"

ಚನ್ನಪ್ಪ ಬಗ್ಗಿ ನೋಡಿದ. ಅರಸೀಕೆರೆಯ ಆ ಶೆಡ್ಡಿನಲ್ಲಿ ಅವನ ಹಳೆಯ ಆಸ್ಟಿನ್ ಕಾರು ಜಾಕಿನ ಮೇಲೆ ಓರೆಯಾಗಿ ನಿಂತಿತ್ತು. ಹೆಂಡತಿ ಅನುಸೂಯಮ್ಮನಿಗೆ ಮಂಡಿನೋವು. ಬಸ್ಸಿನ ಮೆಟ್ಟಿಲು ಹತ್ತಲಾರದೆ ಬೇಲೂರಿನ ಸ್ವಾಮಿಯ ದರ್ಶನ ತಪ್ಪಬಾರದೆಂದು ಕೊಂಡ ಕಾರು ಅದು. ವರ್ಷವಾದರೂ ಆಕೆ ಹತ್ತಿರಲಿಲ್ಲ. ಬ್ರೇಕು ಕಿರುಗುಟ್ಟಿದರೆ ಎಮ್ಮೆ ಬೆದರಿ ಹಾಲು ಕೊಡುವುದಿಲ್ಲ ಎಂಬುದು ಆಕೆಯ ದೂರು.

ಕಳೆದ ಸೋಮವಾರ ಅಂತೂ ಹತ್ತಿದಳು. ತಮ್ಮೂರು ಜಾವಗಲ್ಲಿನಿಂದ ಹೊರಟು ಹಳೇಬೀಡಿನ ಕೆರೆ ಏರಿ ಇಳಿಯುವಾಗ ಬ್ರೇಕು ಹಿಡಿಯಲೇ ಇಲ್ಲ. ಕಾರು ಹೋಗಿ ಯಾರದೋ ಹುಲ್ಲಿನ ಬಣವೆಗೆ ಮೂತಿ ಇಟ್ಟಿತು. ಅನುಸೂಯಮ್ಮ ತಲೆಯ ಹುಲ್ಲು ಕೊಡವಿಕೊಂಡು ಇಳಿದು, ಬೇಲೂರಿನ ದಿಕ್ಕಿಗೆ ಕೈ ಮುಗಿದಳು. ಮತ್ತೆ ಕಾರಿನ ಹತ್ತಿರ ಸುಳಿಯಲಿಲ್ಲ.

ಇವತ್ತು ಚನ್ನಪ್ಪ ಕಾರನ್ನು ಅಂಬೆಗಾಲಿನಲ್ಲಿ ಇಲ್ಲಿಗೆ ತಂದರೆ, ಆಕೆ ಯಾರದೋ ಕೈ ಹಿಡಿದು ಹೇಗೋ ಬಸ್ಸು ಹತ್ತಿ ಹಿಂದೆಯೇ ಬಂದಿದ್ದಳು. ಗಂಡನನ್ನು ಒಬ್ಬನೇ ಕಳಿಸಲು ಮನಸ್ಸು ಒಪ್ಪಿರಲಿಲ್ಲ. ಈಗ ಶೆಡ್ಡಿನ ಮುಂದಿನ ಬೆಂಚಿನಲ್ಲಿ ಮಂಡಿ ನೀವಿಕೊಳ್ಳುತ್ತಾ ಕೂತಿದ್ದಳು.

"ಬ್ರೇಕಿಗೆ ಯಾರಾದ್ರೂ ಎಣ್ಣೆ ಬಿಡ್ತಾರಾ? ಎತ್ತಿನ ಗಾಡಿ ಕೀಲು ಅಂದ್ಕಂಡ್ರಾ? ಯಾರು ಮಾಡಿದ್ದು ಈ ಕೆಲ್ಸ?" ಸಿದ್ದಬಸಪ್ಪ ಬೆರಳು ಒರೆಸಿಕೊಳ್ಳುತ್ತಾ ಕೇಳಿದ.

ಚನ್ನಪ್ಪನ ಕಣ್ಣು ಬೆಂಚಿನ ಕಡೆ ಹೋಯಿತು. ಅನುಸೂಯಮ್ಮ ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಹೊರಡುವ ಹಿಂದಿನ ಸಂಜೆ ಆಕೆ ಎಣ್ಣೆಯ ಗಿಂಡಿ ಹಿಡಿದು ಕಾರಿನ ಮರೆಯಿಂದ ಬಂದದ್ದು ನೆನಪಾಯಿತು. ಪಾಪ, ಸದ್ದು ನಿಲ್ಲಿಸಿ ಹತ್ತಲೇಬೇಕೆಂದು ಮನಸ್ಸು ಮಾಡಿದ್ದಳು.

"ನಾನೇ ಕಣಪ್ಪ," ಎಂದ. "ಕೂಗ್ತಿತ್ತು, ಬಿಟ್ಟೆ."

"ಒಳ್ಳೆ ಕೂಗು ನಿಲ್ಸಿದ್ರಿ. ನಿಮ್ಮದೂ ನಿಲ್ತಿತ್ತು."

ಲೇತಿನಲ್ಲಿ ಡ್ರಮ್ಮು ತಿರುಗಿತು. ಗೀರು ಬಿದ್ದಿದ್ದ ಕಬ್ಬಿಣ ಕಪ್ಪು ಪುಡಿಯಾಗಿ ಉದುರಿ, ಒಳಮೈ ಬೆಳಗಿದ ತಂಬಿಗೆಯ ಹಾಗೆ ನುಣುಪಾಯಿತು. ಸಿದ್ದಬಸಪ್ಪ ಬ್ರೇಕಿಗೆ ಕೂರಿಸುವ ಎರಡು ಬಗೆಯ ಲೈನಿಂಗ್ ಪಟ್ಟಿ ತಂದು ತೋರಿಸಿದ.

"ಇದು ಮೆತ್ತಗೈತೆ, ಸದ್ದು ಮಾಡಲ್ಲ. ಆದ್ರೆ ಇಳಿಜಾರಲ್ಲಿ ಕಾದ್ರೆ ಹಿಡ್ತ ಕಮ್ಮಿ. ಇದು ಗಟ್ಟಿ. ಎಲ್ಲೇ ಆಗ್ಲಿ ಹಿಡೀತೈತೆ, ಒಸಿ ಕೂಗ್ತೈತೆ."

ಚನ್ನಪ್ಪ ಮೆತ್ತಗಿನದಕ್ಕೆ ಕೈ ಚಾಚಿದ. ಸದ್ದಿಲ್ಲದಿದ್ದರೆ ಮುಂದೆಂದಾದರೂ ಹತ್ತಿಯಾಳು.

"ಕೂಗೋದನ್ನೇ ಹಾಕಪ್ಪ," ಬೆಂಚಿನಿಂದ ಮಾತು ಬಂತು. "ಎಮ್ಮೆಗೆ ನಾನು ಹೇಳ್ಕಂತೀನಿ. ಎಣ್ಣೆ ಬಿಟ್ಟೋಳೂ ನಾನೇ. ಅವ್ರಿಗೆ ಸುಳ್ಳು ಹೇಳಕ್ಕೂ ಬರಾಕಿಲ್ಲ."

ಸಿದ್ದಬಸಪ್ಪ ಇಬ್ಬರನ್ನೂ ನೋಡಿ, ಕೆಮ್ಮಿ, ಗಟ್ಟಿ ಪಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದ.

ಹೊತ್ತು ಇಳಿಯುವಾಗ ಕಾರು ಈಚೆಗೆ ಬಂತು. ಚನ್ನಪ್ಪ ಮುಂದಿನ ಬಾಗಿಲು ತೆರೆದು, ಬೇರೆ ಕಡೆ ನೋಡುತ್ತಾ ನಿಂತ. ಅನುಸೂಯಮ್ಮ ಮೆಲ್ಲಗೆ ಎದ್ದು ಬಂದಳು. ದೇವರ ಮನೆಗೆ ಹೋಗುವವಳಂತೆ ಚಪ್ಪಲಿಯನ್ನು ನೆಲದಲ್ಲೇ ಬಿಟ್ಟು, ಮಂಡಿ ಹಿಡಿದುಕೊಂಡು ಒಳಗೆ ಕೂತಳು.

"ನಡೀರಿ, ಹಾಲು ಕರ್ಯೋ ಹೊತ್ತಾಯ್ತು."

ಚನ್ನಪ್ಪ ಬಗ್ಗಿ ಆ ಚಪ್ಪಲಿಯನ್ನು ಎತ್ತಿಕೊಂಡ. ಒಂದಕ್ಕೊಂದು ತಟ್ಟಿ ದೂಳು ಉದುರಿಸಿ, ಆಕೆಯ ಪಾದದ ಪಕ್ಕದಲ್ಲಿಟ್ಟು, ಬಾಗಿಲನ್ನು ಸದ್ದಾಗದಂತೆ ಮುಚ್ಚಿದ.