ನಿಂತರೆ ಆರುವ ಕಾರು

ಶಿಕಾರಿಪುರದ ನಾಗರಾಜಪ್ಪನ ಕಾರು ಓಡಿದರೆ ಕುದುರೆ, ನಿಂತರೆ ಬಂಡೆ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಸಾಕು, ಎಂಜಿನ್ ಆರಿಹೋಗುತ್ತಿತ್ತು. ಕಾರ್ಬ್ಯುರೇಟರಿನ ಸೊಲೆನಾಯ್ಡ್ ವಾಲ್ವ್ ಕೆಟ್ಟು ಕೂತಿದೆ, ಗಾಡಿ ನಿಧಾನವಾದಾಗ ಪೆಟ್ರೋಲಿಗೆ ದಾರಿಯೇ ಬಿಡುತ್ತಿಲ್ಲ, ಹೊಸದು ಶಿವಮೊಗ್ಗದಿಂದ ಬರಬೇಕು ಎಂದಿದ್ದ ಮೆಕ್ಯಾನಿಕ್. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿಯೂ ಮಲಗಿತ್ತು. ಒಮ್ಮೆ ಆರಿತೆಂದರೆ ತಳ್ಳುವವರನ್ನು ಹುಡುಕಬೇಕು.

ಕಳೆದ ಸಂತೆ ದಿನ ಮಂಡಿಯ ಗೇಟಿನಲ್ಲಿ ನಿಂತು ಕೈ ಎತ್ತಿದವರು ಬೇರೆ ಯಾರೂ ಅಲ್ಲ, ಸೊರಬದ ಬೀಗರು ಶಾಂತವೀರಪ್ಪ. ಸಂತೆಯ ನಡುವೆ ಗಾಡಿ ಆರಿದರೆ ಮಾನ ಹೋದೀತೆಂದು ನಾಗರಾಜಪ್ಪ ಕಿಟಕಿಯಿಂದಲೇ ಒಂದು ನಮಸ್ಕಾರ ಎಸೆದು ಬರ್ರನೆ ಹೊರಟುಹೋದ. ಹೆಣ್ಣು ಕೊಟ್ಟವನು ಗಂಡಿನ ಅಪ್ಪನನ್ನು ಬಿಸಿಲಲ್ಲಿ ಬಿಟ್ಟು ಹೋಗುವುದೆಂದರೆ ಸಣ್ಣ ಮಾತೇ?

ಇವತ್ತು ಅವನು ಸೊರಬಕ್ಕೆ ಬಂದದ್ದು ಚೊಚ್ಚಲ ಬಸುರಿ ಮಗಳು ಶೃತಿಯನ್ನು ಹೆರಿಗೆಗೆ ಕರೆದೊಯ್ಯಲು. ನಾಳೆ ಎಂಟನೇ ತಿಂಗಳು ಹಿಡಿಯುತ್ತದೆ. ಎಂಟರಲ್ಲಿ ಬಸುರಿಯನ್ನು ಕಳಿಸುವ ಪದ್ಧತಿಯಿಲ್ಲ, ಆಮೇಲೆ ಪ್ರಯಾಣವೇ ಬೇಡವೆಂದಿದ್ದರು ಡಾಕ್ಟರು. ಇವತ್ತು ತಪ್ಪಿದರೆ ಹೆರಿಗೆ ಇಲ್ಲೇ. ಅತ್ತ ಹೆಂಡತಿ ನಿರ್ಮಲಮ್ಮ ಬಾಣಂತಿ ಕೋಣೆಗೆ ಸುಣ್ಣ ಬಳಿಸಿ ಬಾಗಿಲು ಕಾಯುತ್ತಿದ್ದಳು.

“ನಾವು ಸಣ್ಣೋರು ಬಿಡಿ ಬೀಗ್ರೆ. ನಮ್ಮಂಥೋರಿಗೆಲ್ಲ ನಿಮ್ಮ ಕಾರು ನಿಲ್ಲುತ್ಯೆ?” ಎಂದರು ಶಾಂತವೀರಪ್ಪ, ಮುಖ ಆ ಕಡೆ ಮಾಡಿಕೊಂಡು.

“ಯಾರಿಗೂ ನಿಲ್ಲಂಗಿಲ್ರೀ ಅದು. ವಾಲ್ವ್ ಹೋಗೇತಿ.”

“ಹೇಳೋಕೇನು, ನಾಲಿಗೆಗೆ ಎಲುಬಿಲ್ಲ.”

ನಾಗರಾಜಪ್ಪನಿಗೆ ರೇಗಿತು. ಬೀಗರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಳಿಜಾರಿನಲ್ಲಿ ನಿಲ್ಲಿಸಿದ್ದ ಕಾರನ್ನು ಉರುಳಿಸಿಯೇ ಶುರು ಮಾಡಿದ. ಕೆರೆ ಏರಿಯವರೆಗೆ ಗಾಡಿ ಸೊಗಸಾಗಿ ಓಡಿತು. ಅಲ್ಲಿ ಬೇಕೆಂದೇ ಕಾಲು ತೆಗೆದ. ಕಾರು ಒಮ್ಮೆ ಗಡಗಡ ನಡುಗಿ ಆರಿತು. ಕೀ ತಿರುಗಿಸಿದರೆ ಟಕ್ ಎಂದಿತು, ಅಷ್ಟೇ.

ಬೀಗರು ಪಂಚೆ ಎತ್ತಿ ಕಟ್ಟಿ, ದಾರಿಹೋಕರ ಜೊತೆ ತಾವೂ ತಳ್ಳಿದರು. ಮನೆ ಮುಟ್ಟುವಷ್ಟರಲ್ಲಿ ಅವರ ಬಿಗುಮಾನವೆಲ್ಲ ಬೆವರಾಗಿ ಇಳಿದಿತ್ತು.

“ನಂದೇ ತಪ್ಪು ಕಣ್ರೀ. ಸುಮ್ಮನೆ ನಿಮ್ಮ ಮೇಲೆ ಸಿಟ್ಟು ಇಟ್ಕೊಂಡೆ.”

ನಾಗರಾಜಪ್ಪನಿಗೆ ಹೋದ ಜೀವ ಬಂದಂತಾಯಿತು. “ಹಂಗಾರೆ ಶೃತಿನ ಕಳಿಸಿಕೊಡ್ರಿ.”

“ಇದ್ರಲ್ಲಾ? ಕಾಡುದಾರೀಲಿ ಆರಿದ್ರೆ ಬಸುರಿ ಕೈಲಿ ತಳ್ಳಿಸ್ತೀರಾ?”

ಕಾರು ಆರುತ್ತದೆಂದು ಸಾಬೀತು ಮಾಡಿದವನು ತಾನೇ. ಬಸ್ಸಿನ ಕುಲುಕಾಟ ಬೇಡವೆಂದು ಡಾಕ್ಟರು ಹೇಳಿಯಾಗಿತ್ತು. ಊರಿನ ಬಾಡಿಗೆ ಕಾರುಗಳೆಲ್ಲ ಮದುವೆಗಳಿಗೆ ಹೋಗಿದ್ದವು. ಸಂಜೆಯವರೆಗೆ ಕಾದರೂ ಒಂದೂ ವಾಪಸು ಬರಲಿಲ್ಲ.

ಕೊನೆಗೆ ಅಳಿಯನೂ ಬೀಗರೂ ಸೇರಿ ತಳ್ಳಿ ಕಾರು ಶುರು ಮಾಡಿಕೊಟ್ಟರು. ಶೃತಿ ಗೇಟಿಗೆ ಬಂದಿದ್ದಳು. ಇಳಿದು ಮಗಳ ತಲೆ ಸವರಬೇಕೆಂದು ನಾಗರಾಜಪ್ಪನಿಗೆ ಅನಿಸಿತು, ಆದರೆ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯುವಂತಿರಲಿಲ್ಲ. ಅವಳು ಕಿಟಕಿಯ ಅಂಚು ಹಿಡಿದು, ಹೊಟ್ಟೆಯ ಮೇಲೊಂದು ಕೈಯಿಟ್ಟುಕೊಂಡು ಕಾರಿನ ಜೊತೆಗೇ ನಡೆದಳು.

“ಅಮ್ಮಂಗೆ ಏನಂತ ಹೇಳ್ತೀಯಪ್ಪ?”

“ನಿಲ್ಲಿಸಬೇಡಿ ಬೀಗ್ರೆ, ಆರಿಹೋಗುತ್ತೆ,” ಎಂದು ಹಿಂದಿನಿಂದ ಶಾಂತವೀರಪ್ಪ ಕೂಗಿದರು.

ಶೃತಿ ಕಿಟಕಿ ಬಿಟ್ಟಳು.