ಮಹಡಿಯಜ್ಜಿಯ ಬಾಯಲ್ಲಿ ‘ಇಲ್ಲ’

ನನ್ನ ತಮ್ಮನ ಮಗಳು ಪುಟ್ಟಿ ಪಿಎಚ್‌ಡಿ ಮಾಡಿದ್ದು ಲ್ಯಾಟಿನ್ನಿನ ಹೊಟ್ಟೆಯಲ್ಲಿ ಹುಟ್ಟಿದ ಭಾಷೆಗಳ ಮೇಲೆ. ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್ ಅಂತ ಅದೊಂದು ದೊಡ್ಡ ಸಂಸಾರ. ಅಲ್ಲಿ ಪದಗಳು ಹೇಗೆ ಹುಟ್ಟುತ್ತವೆ ಎನ್ನುವುದು ಅವಳ ವಿಷಯ. ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದವರಿಗೆಲ್ಲ ನಾನು ಕತ್ತರಿ ಕೈಯಲ್ಲಿ ಹಿಡಿದೇ ಉತ್ತರ ಕೊಟ್ಟಿದ್ದೇನೆ. ನಾನು ಟೈಲರ್. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವಳು. ಅವಳನ್ನು ಯಾರಾದರೂ ಹಗುರವಾಗಿ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅವಳ ವಿಷಯ ನನಗೂ ಗೊತ್ತು, ಅವಳೇ ಹೇಳಿಕೊಟ್ಟಿದ್ದು. ನಾವು ಪದಕ್ಕೆ ಮೊದಲು ‘ಪುಟ್ಟ’ ಅಂತ ಸೇರಿಸುತ್ತೇವೆ. ಅವರು ಪದದ ಕೊನೆಗೊಂದು ಬಾಲ ಹೊಲಿಯುತ್ತಾರೆ. ಇಟಾಲಿಯನ್ನಿನಲ್ಲಿ ಮನೆ ‘ಕಾಸಾ’, ಪುಟ್ಟ ಮನೆ ‘ಕಾಸೆತ್ತಾ’. ಬಟ್ಟೆಗೆ ಲೇಸು ಇಟ್ಟ ಹಾಗೆ. ಆದರೆ ಎಲ್ಲ ಬಟ್ಟೆಗೂ ಎಲ್ಲ ಲೇಸೂ ಒಪ್ಪುವುದಿಲ್ಲವಲ್ಲ? ಯಾವುದಕ್ಕೆ ಯಾವುದು ಒಪ್ಪುತ್ತದೆ ಎಂದು ಆ ಮಾತು ಆಡುವವರನ್ನೇ ಕೇಳಬೇಕು.

ಆಡುವವರು ನಮ್ಮ ಅಂಗಡಿಯ ಮೇಲೆಯೇ ಬಾಡಿಗೆಗಿದ್ದರು. ಮಹಡಿಯಜ್ಜಿ. ಹಡಗಿನ ಇಂಜಿನಿಯರನ್ನು ಮದುವೆಯಾಗಿ ಬಂದು ಇಲ್ಲೇ ಮುದುಕಿಯಾದವರು. ಅವರ ತವರು ಇಟಲಿಯಲ್ಲಿ ಬೆಟ್ಟದ ಮೇಲಿನ ಒಂದು ಹಳ್ಳಿ. ಅಲ್ಲಿನ ಮಾತು ಇಟಾಲಿಯನ್ನಿಗೆ ದಾಯಾದಿ, ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಪುಟ್ಟಿಯ ಪ್ರಬಂಧದ ಮುಖ್ಯ ಅಧ್ಯಾಯ ಪೂರ್ತಿ ಈ ಅಜ್ಜಿಯ ಬಾಯಿಯ ಮೇಲೆ ನಿಂತಿತ್ತು. ಆ ವರ್ಷದೊಳಗೆ ಪದವಿ ಬಂದರೆ ಕಾಲೇಜಿನಲ್ಲಿ ಕಾಯಂ ಕೆಲಸ, ಇಲ್ಲದಿದ್ದರೆ ಅದು ಬೇರೆಯವರಿಗೆ.

ನನಗೂ ಅಜ್ಜಿಗೂ ಮಾತ್ರ ಎಣ್ಣೆ ಸೀಗೇಕಾಯಿ ಸಂಬಂಧ. ಅವರ ಹೂಕುಂಡದ ನೀರು ನಾನು ಇಸ್ತ್ರಿ ಮಾಡಿಟ್ಟ ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು, ನನ್ನ ಚಿಂದಿ ಗಾಳಿಗೆ ಹಾರಿ ಅವರ ಮೆಟ್ಟಿಲ ಮೇಲೆ ಬೀಳುತ್ತಿತ್ತು. ನಾನು ಬಿಸಿಲು ಅಂದರೆ ಅವರು ಮೋಡ ಅನ್ನುತ್ತಿದ್ದರು. ಪುಟ್ಟಿ ಎಂದರೆ ಮಾತ್ರ ಅವರಿಗೆ ಪ್ರಾಣ.

ಎಡವಟ್ಟಾಗಿದ್ದು ಆ ಪ್ರೀತಿಯಿಂದಲೇ. ಪುಟ್ಟಿ ಒಂದೊಂದೇ ಪದ ಹೇಳಿ, ಹೀಗೆ ಅನ್ನುತ್ತಾರಾ ಅಜ್ಜಿ ಎಂದು ಕೇಳಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ಮಧ್ಯೆ ಮಧ್ಯೆ ಬೇಕೆಂದೇ ತಪ್ಪು ಪದ ಸೇರಿಸುವುದು ಅವರ ಕಸುಬಿನ ಪದ್ಧತಿಯಂತೆ, ಹೇಳುವವರು ಗಮನವಿಟ್ಟು ಹೇಳುತ್ತಿದ್ದಾರಾ ಎಂದು ನೋಡಲಿಕ್ಕೆ. ಬಾಲವನ್ನು ತಲೆಗೆ ಅಂಟಿಸಿದ ಪದವನ್ನೂ ಕೇಳಿದ್ದಳು. ಪ್ರಬಂಧ ಕೊಡುವ ಮೊದಲು ಕೂತು ಎಲ್ಲವನ್ನೂ ಮತ್ತೆ ಕೇಳಿಸಿಕೊಂಡರೆ, ಅಜ್ಜಿ ಒಂದಕ್ಕೂ ಇಲ್ಲ ಅಂದಿರಲಿಲ್ಲ. ಸರಿ ಮಗಳೇ, ಚೆನ್ನಾಗಿದೆ ಮಗಳೇ! ಮಗುವಿನ ಮನಸ್ಸು ನೋಯಿಸುವುದು ಹೇಗೆ ಎಂದು ತಲೆಯಾಡಿಸಿಬಿಟ್ಟಿದ್ದರು.

ಅವಳ ಗೈಡ್ ಮೇಷ್ಟ್ರು ಒಳ್ಳೆಯವರೇ. ಆ ತಪ್ಪು ಪದಗಳನ್ನು ಕೈಬಿಟ್ಟು ಉಳಿದದ್ದನ್ನು ಕೊಟ್ಟುಬಿಡು, ಯಾರೂ ಕೆದಕುವುದಿಲ್ಲ, ಕೆಲಸ ಮುಖ್ಯ ಅಂದರು. ನಾನೂ ಅದನ್ನೇ ಹೇಳಿದೆ. ಹುಡುಗಿ ಹೊಲಿಗೆ ಯಂತ್ರದ ಪಕ್ಕ ಕೂತು ಕಣ್ಣೊರೆಸಿಕೊಂಡಳು.

“ಹೊಲಿಗೆ ತಪ್ಪಿದೆ ಅಂತ ಗೊತ್ತಿದ್ದೂ ನೀವು ಬಟ್ಟೆ ಕೊಟ್ಟು ಕಳಿಸ್ತೀರಾ ಅತ್ತೆ?”

ಅವಳು ಇಡೀ ಅಧ್ಯಾಯವನ್ನು ತೆಗೆದುಹಾಕಿದಳು. ನನಗೆ ಸಂಕಟವಾಯಿತು. ಅಷ್ಟೇ ಹೆಮ್ಮೆಯೂ ಆಯಿತು.

ಮರುದಿನ ಹೂಕುಂಡದ ವಿಷಯಕ್ಕೆ ನಾನೂ ಅಜ್ಜಿಯೂ ಮೆಟ್ಟಿಲ ಮೇಲೆ ಜೋರು ಮಾಡುತ್ತಿದ್ದಾಗ ಪುಟ್ಟಿ ಬಂದು ನಿಂತವಳು ನಮ್ಮನ್ನೇ ನೋಡತೊಡಗಿದಳು. ಆಮೇಲೆ ನನ್ನನ್ನು ಒಳಗೆ ಕರೆದು ಹೇಳಿದಳು: “ಅತ್ತೆ, ಇನ್ನುಮೇಲೆ ಪದ ಕೇಳೋದು ನೀವು.”

ನನಗೆ ನಗು ತಡೆಯಲಿಲ್ಲ. ಅವಳು ಮಾತ್ರ ತಮಾಷೆ ಮಾಡುತ್ತಿರಲಿಲ್ಲ. ಯಂತ್ರ ತುಳಿಯುತ್ತಲೇ ಆ ಪದಗಳನ್ನು ನಾಲಿಗೆಗೆ ಹೊಂದಿಸಿಕೊಂಡೆ. ಯಾವುದು ಸರಿ, ಯಾವುದು ತಪ್ಪು ಎಂದು ಪುಟ್ಟಿ ನನಗೂ ಹೇಳಲಿಲ್ಲ; ಹೇಳಿದ್ದರೆ ನನ್ನ ಮುಖವೇ ಹೇಳಿಬಿಡುತ್ತಿತ್ತು. ಅಜ್ಜಿಗೆ ಎಲ್ಲ ವಿವರಿಸಿ, ಒಪ್ಪಿಸಿ, ತಾನು ಕೆಳಗೆ ಅಂಗಡಿಯಲ್ಲಿ ಕೂತಳು.

ಅಬ್ಬಾ, ಆ ಮುದುಕಿಗೆ ಆದ ಖುಷಿ! ಇಲ್ಲ, ಇಲ್ಲ, ಹಾಗನ್ನುವುದಿಲ್ಲ, ಯಾರು ಹೇಳಿಕೊಟ್ಟರು ನಿನಗೆ? ಬಾಲವನ್ನು ತಲೆಗಿಟ್ಟ ಪದಕ್ಕಂತೂ ನನ್ನನ್ನು ಅಂಗಡಿಗೆ ಅಟ್ಟುವುದೊಂದು ಬಾಕಿ. ಹೀಗೆ ಎಲ್ಲದಕ್ಕೂ ಇಲ್ಲ ಅಂದುಬಿಟ್ಟರೆ ಹುಡುಗಿಯ ಗತಿಯೇನು ಎಂದು ನನಗೆ ದಿಗಿಲಾಯಿತು. ಮುಂದಿನ ಪದ ಹೇಳಿದೆ. ಅಜ್ಜಿ ಬಾಯಿ ತೆರೆದರು, ಮುಚ್ಚಿದರು, ಕಿಟಕಿಯ ಕಡೆ ನೋಡಿದರು. ಕೊನೆಗೆ ಕಹಿ ಔಷಧಿ ನುಂಗಿದವರ ಹಾಗೆ, “ಹೂಂ. ಇದು ಸರಿ” ಅಂದರು.

ಆ ಅಧ್ಯಾಯ ಮತ್ತೆ ಎದ್ದು ನಿಂತಿತು. ವೈವಾ ಪರೀಕ್ಷೆಯ ದಿನ ನಾನೂ ಅಜ್ಜಿಯೂ ಹಿಂದಿನ ಸಾಲಿನಲ್ಲಿ, ಮಧ್ಯೆ ಒಂದು ಖಾಲಿ ಕುರ್ಚಿ ಬಿಟ್ಟು ಕೂತಿದ್ದೆವು. ಮೊದಲ ಸಲ ಏನು ತಪ್ಪಾಯಿತು, ಎರಡನೇ ಸಲ ನನ್ನನ್ನೇ ಯಾಕೆ ಕಳಿಸಿದಳು ಎನ್ನುವುದನ್ನು ಪುಟ್ಟಿ ತಾನಾಗಿಯೇ ಬಿಚ್ಚಿಟ್ಟಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದು ಕೇಳಿದರು, ಆ ಅಜ್ಜಿ ಹಟಕ್ಕೆ ಬಿದ್ದು ಇಲ್ಲ ಅಂದಿರಬಹುದಲ್ಲಮ್ಮ, ಅದನ್ನು ಹೇಗೆ ನಂಬುವುದು?

“ಇಲ್ಲ ಅಂದಿದ್ದನ್ನಷ್ಟೇ ನಂಬಬೇಡಿ ಸರ್,” ಅಂದಳು ಪುಟ್ಟಿ. “ನಮ್ಮತ್ತೆಗೆ ಸರಿ ಅನ್ನೋಕೆ ಅಜ್ಜಿಗೆ ಎಷ್ಟು ಕಷ್ಟ ಆಗಿದೆ, ಅದನ್ನ ಕೇಳಿ.”

ರೆಕಾರ್ಡ್ ಹಾಕಿದಳು. ನನ್ನ ಕೀರಲು ದನಿ, ಆಮೇಲೆ ಆ ದೊಡ್ಡ ಮೌನ, ಆಮೇಲೆ ಆ ಕಹಿ ‘ಹೂಂ’. ಇನ್ನೊಂದು ಸರಿ ಪದ, ಮತ್ತೆ ಅದೇ ಮೌನ, ಅದೇ ‘ಹೂಂ’. ಪರೀಕ್ಷಕರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ಮತ್ತೊಮ್ಮೆ ಹಾಕಿಸಿ ಕೇಳಿದರು. ಇಷ್ಟು ಪ್ರಾಮಾಣಿಕವಾದ ಸಾಕ್ಷಿಯನ್ನು ತಾವು ಕಂಡಿಲ್ಲ ಎಂದು ಎಲ್ಲರೆದುರು ಹೇಳಿದರು. ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಬಂದು ಪದವಿ ಘೋಷಿಸಿದರು.

ನನ್ನ ಕಣ್ಣು ತುಂಬಿ ಏನೂ ಕಾಣಿಸಲಿಲ್ಲ. ಖಾಲಿ ಕುರ್ಚಿಗೆ ಸರಿದು ಕೂತು ಅಜ್ಜಿಗೆ ಹೇಳಿದೆ, “ನಮ್ಮ ಹುಡುಗಿಯಂಥವಳು ಈ ಊರಲ್ಲೇ ಇನ್ನೊಬ್ಬಳಿಲ್ಲ.”

“ಸರಿ,” ಅಂದರು ಅಜ್ಜಿ, ತಡವರಿಸದೆ.